ಔಷಧಕ್ಕೆ ಜೊತೆಯಾಗುವ ಸೂರು

ಅನ್ನವಸ್ತ್ರಗಳಂತೆ ವಸತಿಯೂ ಆರೋಗ್ಯದ ಅಡಿಗಲ್ಲು. ಕ್ಷಯರೋಗಿಯು ಸಾಮಾನ್ಯವಾಗಿ ಆರು ತಿಂಗಳ ಕಾಲ ತಪ್ಪದೆ ಔಷಧ ಸೇವಿಸಬೇಕು. ದಿನಕ್ಕೊಂದು ಕಟ್ಟೆಯ ಮೇಲೆ ಮಲಗುವವನು ಗುಳಿಗೆಗಳನ್ನು ಎಲ್ಲಿ ಕಾಪಾಡಿಕೊಂಡಾನು? ಶಸ್ತ್ರಚಿಕಿತ್ಸೆಯ ಗಾಯವನ್ನು ಎಲ್ಲಿ ಶುಚಿಯಾಗಿಟ್ಟುಕೊಂಡಾನು?

ಈ ಪ್ರಶ್ನೆಗೆ ಕಾನೂನಿನ ಉತ್ತರವುಂಟು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲಿರುಳು ತೆರೆದಿರುವ ಆಶ್ರಯಗೃಹವಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಆದೇಶಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು, ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿಗೆ ಸ್ಥಳ, ತಲೆಗೆ ಸುಮಾರು 50 ಚದರ ಅಡಿ, ನೀರು, ಶೌಚಾಲಯ, ಅಡುಗೆಮನೆ, ಪ್ರಥಮ ಚಿಕಿತ್ಸೆ ಎಂದು ಅಳತೆಗೋಲನ್ನು ನಿಗದಿಮಾಡಿತು. ಆ ಅಭಿಯಾನದ ಅವಧಿ 2024ರಲ್ಲಿ ಮುಗಿದರೂ, ಈ ಅಳತೆಗೋಲು ಇಂದಿಗೂ ಉಪಯುಕ್ತವೇ.

2011ರ ಜನಗಣತಿಯಂತೆ ನಾಶಿಕದ ಜನಸಂಖ್ಯೆ ಸುಮಾರು 14.86 ಲಕ್ಷ, ಇಂದು ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದಿನದು ಸುಮಾರು 11.75 ಲಕ್ಷ. ಈ ಲೆಕ್ಕದಲ್ಲಿ ಮೊದಲನೆಯದರಲ್ಲಿ 1,400ಕ್ಕೂ, ಎರಡನೆಯದರಲ್ಲಿ 1,100ಕ್ಕೂ ಮಿಕ್ಕಿ ಜನರಿಗೆ ಸ್ಥಳವಿರಬೇಕು. ಗೋದಾವರಿಯ ಕುಂಭಮೇಳದ ಜನಸಂದಣಿ ಇದಕ್ಕೆ ಹೊರತು.

ಆಶ್ರಯಗೃಹದ ಹೊಣೆ ಮಹಾನಗರಪಾಲಿಕೆಯದು. ದಿನನಿತ್ಯದ ನಿರ್ವಹಣೆಯನ್ನು ಸ್ವಯಂಸೇವಾ ಸಂಸ್ಥೆಗೆ ವಹಿಸಬಹುದು. ಪುರುಷರಿಗೆ, ಸ್ತ್ರೀಯರಿಗೆ, ಕುಟುಂಬಗಳಿಗೆ ಬೇರೆ ಬೇರೆ ಗೃಹಗಳಲ್ಲದೆ, ದಿಕ್ಕಿಲ್ಲದ ವೃದ್ಧರು, ಮನೋರೋಗಿಗಳು, ಚೇತರಿಸಿಕೊಳ್ಳುತ್ತಿರುವ ರೋಗಿಗಳು ಮತ್ತು ಅವರ ಮನೆಯವರಿಗಾಗಿ ವಿಶೇಷ ಗೃಹಗಳನ್ನೂ ಯೋಜನೆಯು ಕಲ್ಪಿಸಿತ್ತು. ಯೋಜನೆಯ ಅನುಷ್ಠಾನ ಕುಂಟುತ್ತಿದ್ದುದರಿಂದ, ಪರಿಶೀಲನೆಗಾಗಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೈಲಾಶ ಗಂಭೀರರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು.

ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ನಿವಾರಿಸಬೇಕು. ಆಶ್ರಯಗೃಹವು ಭಿಕ್ಷುಕರ ಗೃಹವಲ್ಲ. 1959ರ ಭಿಕ್ಷಾಟನೆ ತಡೆ ಕಾಯ್ದೆಯಂತೆ ನ್ಯಾಯಾಲಯವು ಭಿಕ್ಷುಕನನ್ನು ಬಂಧನದಲ್ಲಿರಿಸಬಹುದು. ಆಶ್ರಯಗೃಹಕ್ಕಾದರೋ ಮನುಷ್ಯನು ತಾನಾಗಿ ಬರುತ್ತಾನೆ, ತಾನಾಗಿ ಹೋಗುತ್ತಾನೆ. ಹಿಡಿದೊಯ್ಯುವರೆಂಬ ಅಂಜಿಕೆಯಿಂದ ರೋಗಿಯು ಬೀದಿಯಲ್ಲೇ ಉಳಿಯಬೇಕಾಗಿಲ್ಲ.

ಕೂಲಿಗಾಗಿ ಬಂದು ಕಾಯಿಲೆ ಬಿದ್ದ ಕನ್ನಡಿಗನಿಗೆ ಊರೂ ಹೊಸದು, ಭಾಷೆಯೂ ಹೊಸದು. ಮರಾಠಿಯಲ್ಲಿ ಈ ಗೃಹಕ್ಕೆ 'ಬೇಘರ್ ನಿವಾರಾ ಕೇಂದ್ರ'ವೆಂದು ಹೆಸರು. ಆ ಹೆಸರನ್ನು ಅವನಿಗೆ ತಿಳಿಸಿ, ಪಾಲಿಕೆಯ ಕಚೇರಿಯಲ್ಲಿ ವಿಚಾರಿಸಿ, ಅವನ ಚೀಟಿ, ಗುಳಿಗೆಗಳೊಡನೆ ಬಾಗಿಲವರೆಗೆ ಜೊತೆಗೆ ಹೋಗುವುದು ನಾಡವರಾದ ನಮಗೆ ಸಾಧ್ಯವಾದ ಸೇವೆ. ವೈದ್ಯನ ಚಿಕಿತ್ಸೆಯು ಫಲಿಸುವುದಕ್ಕೆ ಆ ನಾಲ್ಕು ಹೆಜ್ಜೆಗಳೂ ಬೇಕು.