ಔಷಧದ ಜೊತೆಗೆ ಜೀವಸತ್ವ

ಪಾಠದ ಆಶಯ: ಜೀವಸತ್ವ ಮತ್ತು ಖನಿಜಾಂಶದ ಮಾತ್ರೆಗಳು ದೇಹದಲ್ಲಿರುವ ಕೊರತೆಯನ್ನು ತುಂಬುತ್ತವೆ, ವೈದ್ಯರು ವಿಧಿಸಿದ ಚಿಕಿತ್ಸೆಯ ಸ್ಥಾನವನ್ನು ಅವು ತುಂಬಲಾರವು. ಇದನ್ನು ವಿದ್ಯಾರ್ಥಿಗಳು ಕಾರಣಸಹಿತವಾಗಿ ಅರಿಯುವಂತೆ ಮಾಡುವುದು.

ಪೀಠಿಕೆ

ತೇನಿ, ಕಂಬಂ ಕಣಿವೆ ಹಾಗೂ ದಿಂಡಿಗಲ್ ಭಾಗಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. ಅಲ್ಲಿನ ಆಸ್ಪತ್ರೆ ಮತ್ತು ಔಷಧದ ಅಂಗಡಿಗಳ ಭಾಷೆ ತಮಿಳು. ಮನೆಯ ಹಿರಿಯರ ಮಾತ್ರೆಗಳನ್ನು ಓದಿ ಹೇಳುವ ಹೊಣೆ ಎಷ್ಟೋ ವೇಳೆ ಶಾಲೆಗೆ ಹೋಗುವ ಮಗುವಿನದಾಗುತ್ತದೆ. ಆದುದರಿಂದ ಈ ಪಾಠವು ವಿಜ್ಞಾನಕ್ಕೂ ಭಾಷೆಗೂ ಸಮನಾಗಿ ಸೇರಿದ್ದು.

1. ಕೊರತೆ ಇದ್ದಲ್ಲಿ ಜೀವಸತ್ವವೇ ಔಷಧ

‘ಎ’ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಮೊದಲು ಇರುಳುಗುರುಡು ಬರುತ್ತದೆ. ಕೊರತೆ ಮುಂದುವರಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಒಣಗಿ, ಕರಗಿ, ದೃಷ್ಟಿಯೇ ನಾಶವಾಗುತ್ತದೆ. ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯು 1985ರಲ್ಲಿ ತೇನಿಯಲ್ಲಿಯೂ ಶಾಖೆಯನ್ನು ತೆರೆಯಿತು. ಈ ಸಂಸ್ಥೆಯ ಸಂಶೋಧಕರು ಅಂದಿನ ತಿರುಚಿರಾಪಳ್ಳಿ ಜಿಲ್ಲೆಯ 15,419 ಎಳೆಯ ಮಕ್ಕಳಲ್ಲಿ ನಡೆಸಿದ ಅಧ್ಯಯನವು 1990ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಅಲ್ಪ ಪ್ರಮಾಣದ ‘ಎ’ ಜೀವಸತ್ವ ಪಡೆದ ಮಕ್ಕಳ ಮರಣ ಪ್ರಮಾಣವು ಪಡೆಯದವರಿಗಿಂತ ಶೇ. 54ರಷ್ಟು ಕಡಿಮೆಯಿತ್ತು.

ಇದರಿಂದ ‘ಹೆಚ್ಚು ಕೊಟ್ಟಷ್ಟೂ ಒಳ್ಳೆಯದು’ ಎಂಬ ತೀರ್ಮಾನಕ್ಕೆ ಬರಲಾಗದು. ಆ ಮಕ್ಕಳಲ್ಲಿ ಕೊರತೆ ವ್ಯಾಪಕವಾಗಿತ್ತು; ಕೊಟ್ಟ ಪ್ರಮಾಣವೂ ಅಳತೆಯದಾಗಿತ್ತು. ‘ಎ’ ಜೀವಸತ್ವವು ಯಕೃತ್ತಿನಲ್ಲಿ ಶೇಖರವಾಗುತ್ತದೆ. ಅತಿಯಾದರೆ ತಲೆನೋವು, ವಾಂತಿ, ಯಕೃತ್ತಿಗೆ ಹಾನಿ ಉಂಟಾಗಬಹುದು. ಗರ್ಭಿಣಿಯರಲ್ಲಿ ಶಿಶುವಿಗೂ ಅಪಾಯವುಂಟು.

2. ಚಿಕಿತ್ಸೆಗೆ ಜೀವಸತ್ವದ ನೆರವು

ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್ ಎಂಬ ಔಷಧವು ಕೆಲವರಲ್ಲಿ ಕೈಕಾಲುಗಳ ಜೋಮು, ಉರಿ ತರುತ್ತದೆ. ಆ ಔಷಧವು ದೇಹದಲ್ಲಿ ‘ಬಿ6’ ಜೀವಸತ್ವದ ಕಾರ್ಯಕ್ಕೆ ತಡೆಯೊಡ್ಡುವುದೇ ಇದಕ್ಕೆ ಕಾರಣ. 1956ರಲ್ಲಿ ಸ್ಥಾಪಿತವಾದ ಮದರಾಸಿನ ಕ್ಷಯರೋಗ ಔಷಧಚಿಕಿತ್ಸಾ ಕೇಂದ್ರವು, ‘ಬಿ6’ ಜೀವಸತ್ವವನ್ನು ಅಲ್ಪ ಪ್ರಮಾಣದಲ್ಲಿ ಜೊತೆಗೆ ಕೊಟ್ಟರೆ ಈ ತೊಂದರೆಯನ್ನು ತಡೆಯಬಹುದೆಂದು 1963ರಲ್ಲಿ ತೋರಿಸಿಕೊಟ್ಟಿತು.

ಇಲ್ಲಿ ರೋಗಾಣುವನ್ನು ಕೊಲ್ಲುವುದು ಔಷಧ. ನರಗಳನ್ನು ಕಾಯುವುದು ಜೀವಸತ್ವ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ರೂಢಿಯಲ್ಲಿದೆ. ಕೆಲವು ವಾರಗಳಲ್ಲಿಯೇ ಕೆಮ್ಮು ತಗ್ಗಿತೆಂದು ಕಹಿಯಾದ ಔಷಧವನ್ನು ಬಿಟ್ಟು ಶಕ್ತಿಯ ಮಾತ್ರೆಯನ್ನಷ್ಟೇ ನುಂಗುತ್ತಿದ್ದರೆ, ಉಳಿದ ರೋಗಾಣುಗಳು ಮತ್ತೆ ಬೆಳೆಯುತ್ತವೆ; ಔಷಧಕ್ಕೆ ಮಣಿಯದಷ್ಟು ಬಲವನ್ನೂ ಪಡೆಯಬಹುದು. ಮನೆಯವರಿಗೂ ಸೋಂಕು ಹರಡಬಹುದು.

3. ಒಂದಕ್ಕೊಂದು ಅಡ್ಡಿಯಾಗುವ ಬಗೆ

ಕೆಳಗಿನ ನಿದರ್ಶನಗಳನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಬೇಕು.

• ಕಬ್ಬಿಣ ಮತ್ತು ಸುಣ್ಣಾಂಶದ ಮಾತ್ರೆಗಳು ಥೈರಾಯ್ಡ್ ಮಾತ್ರೆ ದೇಹಕ್ಕೆ ಹತ್ತುವುದನ್ನು ತಡೆಯುತ್ತವೆ. ಎರಡರ ನಡುವೆ 4 ಗಂಟೆಗಳ ಅಂತರವಿರಬೇಕು.
• ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧದ ಗುಣವನ್ನು ‘ಕೆ’ ಜೀವಸತ್ವವು ಕುಗ್ಗಿಸುತ್ತದೆ.
• ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅನ್ನು ಬಹುಕಾಲ ಸೇವಿಸುವವರಲ್ಲಿ ‘ಬಿ12’ ಜೀವಸತ್ವದ ಕೊರತೆ ಉಂಟಾಗಬಹುದು. ಇಂಥವರಿಗೆ ವೈದ್ಯರೇ ಪರೀಕ್ಷಿಸಿ ಪೂರಕ ಮಾತ್ರೆ ಕೊಡುತ್ತಾರೆ.

ಹೀಗಿರುವುದರಿಂದ ಅಂಗಡಿಯಲ್ಲಿ ತಾವಾಗಿಯೇ ಕೊಂಡ ಟಾನಿಕ್, ಸಿದ್ಧ ಅಥವಾ ಆಯುರ್ವೇದದ ಲೇಹ್ಯ, ಚೂರ್ಣ ಇವೆಲ್ಲವನ್ನೂ ವೈದ್ಯರಿಗೆ ತಿಳಿಸುವುದು ಅಗತ್ಯ.

4. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ

ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಿರಿಯ ಮಕ್ಕಳಿಗೆ ಗುಲಾಬಿ ಬಣ್ಣದ ಮಾತ್ರೆ (45 ಮಿಲಿಗ್ರಾಂ ಕಬ್ಬಿಣ), ಹದಿಹರೆಯದವರಿಗೆ ನೀಲಿ ಬಣ್ಣದ ಮಾತ್ರೆ (60 ಮಿಲಿಗ್ರಾಂ ಕಬ್ಬಿಣ) ವಾರಕ್ಕೊಂದರಂತೆ ನಿಗದಿಯಾಗಿವೆ. ಎರಡರಲ್ಲಿಯೂ ಫೋಲಿಕ್ ಆಮ್ಲವಿದೆ. ಇದನ್ನು ಊಟದ ಬಳಿಕ ನೀರಿನೊಡನೆ ನುಂಗಿಸಬೇಕು. ಚಹಾ, ಕಾಫಿ ಕಬ್ಬಿಣ ಹತ್ತುವುದನ್ನು ತಗ್ಗಿಸುತ್ತವೆ. ‘ಸಿ’ ಜೀವಸತ್ವ ಹೆಚ್ಚಿಸುತ್ತದೆ. ಪಳನಿ ಬಳಿಯ ಆಯಕ್ಕುಡಿಯ ಸೀಬೆಹಣ್ಣು, ನೆಲ್ಲಿಕಾಯಿ ಇದಕ್ಕೆ ತಕ್ಕ ಆಹಾರ. ಮಲ ಕಪ್ಪಾದರೆ ಹೆದರಬೇಕಿಲ್ಲವೆಂದು ಮಕ್ಕಳಿಗೆ ಮೊದಲೇ ತಿಳಿಸಬೇಕು.

ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದ ಬರುವುದಿಲ್ಲ. ಪದೇ ಪದೇ ರಕ್ತ ಪಡೆಯುವ ಥಲಸೀಮಿಯ ರೋಗಿಯ ದೇಹದಲ್ಲಿ ಕಬ್ಬಿಣವು ಮೊದಲೇ ಹೆಚ್ಚಾಗಿರುತ್ತದೆ. ಆದ್ದರಿಂದ ದೀರ್ಘಕಾಲದ ಚಿಕಿತ್ಸೆಯಲ್ಲಿರುವ ಮಗುವಿಗೆ ಮಾತ್ರೆ ಕೊಡುವ ಮುನ್ನ ಆರೋಗ್ಯ ಕೇಂದ್ರದ ಸಲಹೆ ಪಡೆಯಬೇಕು.

5. ಭಾಷೆಯ ಎಚ್ಚರ

ತಮಿಳಿನಲ್ಲಿ ‘ಸತ್ತು ಮಾತ್ತಿರೈ’ ಎಂದರೆ ಸತ್ತ್ವದ ಮಾತ್ರೆ. ಈ ‘ಸತ್ತು’ ಎಂಬುದಕ್ಕೆ ಕನ್ನಡದ ‘ಸಾಯು’ ಧಾತುವಿನ ಸಂಬಂಧವಿಲ್ಲ. ಇದು ಕೇಳಿದವರಿಗೆ ನಗೆ ತರುವ ಗೊಂದಲ. ಮುಂದಿನದು ಅಪಾಯದ ಗೊಂದಲ. ‘ಉಣವುಕ್ಕು ಮುನ್’ ಎಂದರೆ ಊಟಕ್ಕೆ ಮೊದಲು. ‘ಉಣವುಕ್ಕುಪ್ ಪಿನ್’ ಎಂದರೆ ಊಟದ ನಂತರ. ಕನ್ನಡದಲ್ಲಿ ಕಾಲವನ್ನು ಹೇಳುವಾಗ ‘ಮುಂದೆ’ ಎಂದರೆ ಬರಲಿರುವುದು, ‘ಹಿಂದೆ’ ಎಂದರೆ ಕಳೆದುಹೋದುದು. ಹಳಗನ್ನಡದ ‘ಪಿಂದೆ’ಯೇ ಇಂದಿನ ‘ಹಿಂದೆ’. ಮಗುವು ‘ಪಿನ್’ ಅನ್ನು ‘ಹಿಂದೆ’ ಎಂದೂ ‘ಮುನ್’ ಅನ್ನು ‘ಮುಂದೆ’ ಎಂದೂ ತಿಳಿದರೆ ಹೊತ್ತು ತಲೆಕೆಳಗಾಗುತ್ತದೆ. ಬರಿಹೊಟ್ಟೆಯಲ್ಲಿ ನುಂಗಬೇಕಾದ ಥೈರಾಯ್ಡ್ ಮಾತ್ರೆ ಊಟದ ಮೇಲೆ ಹೋಗಿ ಸರಿಯಾಗಿ ಹತ್ತದು. ಊಟದ ಬಳಿಕದ ಕಬ್ಬಿಣದ ಮಾತ್ರೆ ಬರಿಹೊಟ್ಟೆಗೆ ಬಿದ್ದು ಹೊಟ್ಟೆನೋವು ತಂದೀತು. ‘ಮುನ್’ ಪದವನ್ನು ‘ಮುನ್ನ, ಮುಂಚೆ’ ಎಂಬ ಕನ್ನಡ ಪದಗಳಿಗೆ ಜೋಡಿಸಿ ಕಲಿಸಿದರೆ ಮಕ್ಕಳು ಮರೆಯುವುದಿಲ್ಲ.

6. ಚಟುವಟಿಕೆ

ಪ್ರತಿ ವಿದ್ಯಾರ್ಥಿಯೂ ಒಂದು ಹಾಳೆಯಲ್ಲಿ ನಾಲ್ಕು ಕಲಮುಗಳನ್ನು ಎಳೆಯಲಿ: ಮಾತ್ರೆಯ ಹೆಸರು, ಯಾರು ಹೇಳಿದ್ದು, ಯಾವ ಹೊತ್ತಿಗೆ, ಊಟಕ್ಕೆ ಮೊದಲೋ ನಂತರವೋ. ತರಗತಿಯಲ್ಲಿ ಕಲ್ಪಿತ ಹೆಸರುಗಳಿಂದ ಅದನ್ನು ತುಂಬಿ ಅಭ್ಯಾಸ ಮಾಡಲಿ. ಮನೆಯಲ್ಲಿ ಹಿರಿಯರ ಒಪ್ಪಿಗೆ ಪಡೆದು, ಅಂಗಡಿಯ ಟಾನಿಕ್ ಸಹಿತವಾಗಿ, ನಿಜವಾದ ಪಟ್ಟಿಯನ್ನು ತಯಾರಿಸಲಿ. ಆ ಪಟ್ಟಿ ಶಾಲೆಗೆ ಬರಬಾರದು. ಒಬ್ಬರ ಕಾಯಿಲೆ ಮತ್ತೊಬ್ಬರ ಮಾತಿಗೆ ವಸ್ತುವಾಗಬಾರದು. ಅದು ಮುಂದಿನ ಸಲ ವೈದ್ಯರ ಕೈಗೆ ಹೋಗಬೇಕಾದ ಹಾಳೆ.

ಅಭ್ಯಾಸ ಪ್ರಶ್ನೆಗಳು

1. ಕ್ಷಯದ ಚಿಕಿತ್ಸೆಯಲ್ಲಿ ಔಷಧದ ಕೆಲಸವೇನು, ‘ಬಿ6’ ಜೀವಸತ್ವದ ಕೆಲಸವೇನು?
2. ಥೈರಾಯ್ಡ್ ಮಾತ್ರೆ ಮತ್ತು ಕಬ್ಬಿಣದ ಮಾತ್ರೆಗಳನ್ನು ಒಟ್ಟಿಗೆ ಏಕೆ ನುಂಗಬಾರದು?
3. ‘ಅಜ್ಜಿಗೆ ಈಗ ಚೆನ್ನಾಗಿದೆ, ಟಾನಿಕ್ ಮಾತ್ರ ಸಾಕು’ ಎಂದು ಮನೆಯಲ್ಲಿ ಹೇಳಿದರೆ ನೀವು ಯಾರನ್ನು, ಏನೆಂದು ಕೇಳುವಿರಿ?

ಶಿಕ್ಷಕರ ಗಮನಕ್ಕೆ: ಯಾವ ಮಾತ್ರೆಯನ್ನು ನುಂಗಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದು ಶಿಕ್ಷಕರ ಕೆಲಸವಲ್ಲ. ಮೂರನೆಯ ಪ್ರಶ್ನೆಗೆ ‘ಚಿಕಿತ್ಸೆಯನ್ನು ನಿಲ್ಲಿಸುವ ಮೊದಲು ವೈದ್ಯರನ್ನು ಕೇಳೋಣ’ ಎಂಬ ಉತ್ತರ ಮಗುವಿನಿಂದಲೇ ಬಂದರೆ ಪಾಠದ ಉದ್ದೇಶ ಈಡೇರಿದಂತೆ.