ನಡೆಯುವ ಗಣಕದೊಳಗೆ ಹೊಸ ವರ್ಗ

ಲೋಕಿಕೆರೆಯಲ್ಲಿ ನಮ್ಮ ಸೋದರಮಾವನವರದೊಂದು ಧಾನ್ಯದ ಅಂಗಡಿಯಿದೆ. ಕಳೆದ ಸುಗ್ಗಿಯಲ್ಲಿ ಅದರ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸಲು ನಾನು ಕೈಹಾಕಿದೆನು. ಕಲಾ ವಿಭಾಗದವನಿಗೇಕೆ ಈ ಉಸಾಬರಿ ಎಂದು ವಾಚಕ ಮಿತ್ರರು ನಗಬಹುದು, ನಗಲಿ.

ಪ್ರೋಗ್ರಾಮಿನಲ್ಲಿ ‘ಕ್ಲಾಸ್’ ಅಥವಾ ವರ್ಗವೆಂಬುದು ಬೆಲ್ಲದ ಅಚ್ಚಿನಂತೆ. ಅದರಿಂದ ಹೊರಬಿದ್ದ ಒಂದೊಂದು ಅಚ್ಚುಬೆಲ್ಲವೂ ಒಂದು ‘ವಸ್ತು’. ನನ್ನ ‘ಭತ್ತ’ವೆಂಬ ವರ್ಗದಲ್ಲಿ ತೂಕ, ದರ, ತೇವದ ಕಡಿತ ಇವುಗಳ ವಿಧಿಯಿದ್ದಿತು, ಬಂದ ಪ್ರತಿಯೊಂದು ಲಾಟೂ ಅದರ ವಸ್ತು. ನಾರ್ವೆಯ ಡಾಲ್ ಮತ್ತು ನೈಗಾರ್ಡ್ ಎಂಬವರು 1967ರ ‘ಸಿಮುಲಾ’ ಭಾಷೆಯಲ್ಲಿ ವರ್ಗದ ಕಲ್ಪನೆಯನ್ನು ತಂದಾಗ, ಅಚ್ಚುಗಳೆಲ್ಲ ಕೆಲಸಕ್ಕೆ ಮೊದಲೇ ಸಿದ್ಧವಾಗಿರಬೇಕಿತ್ತು. 1970ರ ದಶಕದ ‘ಸ್ಮಾಲ್‌ಟಾಕ್’ ಅಚ್ಚನ್ನೇ ಒಂದು ವಸ್ತುವನ್ನಾಗಿ ಮಾಡಿತು. 1991ರಲ್ಲಿ ಹೊರಬಂದ ‘ಪೈಥಾನ್’ ಭಾಷೆಯೂ ಈಗ ಅದೇ ಜಾತಿಯದು. ಪ್ರೋಗ್ರಾಮು ನಡೆಯುತ್ತಿರುವಾಗಲೇ ಅದರಲ್ಲಿ ಹೊಸ ವರ್ಗ ಹುಟ್ಟಬಹುದು.

ಒಂದು ಬೆಳಿಗ್ಗೆ ಭತ್ತದ ನಡುವೆ ಮೆಕ್ಕೆಜೋಳ ಬಂದಿತು. ಪ್ರೋಗ್ರಾಮನ್ನು ನಿಲ್ಲಿಸಿದರೆ ಆ ದಿನದ ಲಾಟುಗಳೆಲ್ಲ ಅಳಿಯುತ್ತಿದ್ದುವು. ಅವನ್ನು ಕಡತದಲ್ಲಿ ಬರೆದಿಡದಿದ್ದುದು ನನ್ನ ಮಡ್ಡತನ. ‘ಮೆಕ್ಕೆಜೋಳ’ ವರ್ಗವನ್ನು ಬೇರೊಂದು ಸ್ಕ್ರಿಪ್ಟಿನಲ್ಲಿ ಬರೆದು, ‘ಇಂಪೋರ್ಟ್‌ಲಿಬ್’ ಎಂಬ ಸಾಧನದಿಂದ ಹೆಸರು ಹಿಡಿದು ಒಳಕ್ಕೆ ಕರೆಸಿಕೊಂಡೆ. ಕೆಲಸ ಸಾಗಿತು.

ಮಧ್ಯಾಹ್ನ ಮಾವನವರು, ಅಂದಿನ ಜೋಳಕ್ಕೆಲ್ಲ ಕಡಿತವನ್ನು ಇಳಿಸಿದರು. ನಾನು ಸ್ಕ್ರಿಪ್ಟನ್ನು ತಿದ್ದಿ ಮತ್ತೆ ಲೋಡ್ ಮಾಡಿದೆ. ಸಂಜೆ ಹಣ ಕೊಡುವಾಗ ರೈತ ಯಜಮಾನರೊಬ್ಬರು ಚೀಟಿ ಹಿಡಿದು ಕೇಳಿದರು: “ಮುಂಜಾನೆ ಜೋಳಕ್ಕೊಂದು ನ್ಯಾಯ, ಮಧ್ಯಾಹ್ನದ್ದಕ್ಕೊಂದು ನ್ಯಾಯ ಏನಪ್ಪಾ?”

ನನಗೆ ಉತ್ತರ ಹೊಳೆಯಲಿಲ್ಲ. ಹಾಳೆ ಹಿಡಿದು ಕುಳಿತ ಮೇಲೆ ತಿಳಿಯಿತು: ಮತ್ತೆ ಲೋಡ್ ಮಾಡಿದಾಗ ಹಳೆಯ ವರ್ಗ ಬದಲಾಗುವುದಿಲ್ಲ, ಅದೇ ಹೆಸರಿನ ಇನ್ನೊಂದು ವರ್ಗ ಹುಟ್ಟುತ್ತದೆ. ಬೆಳಗಿನ ಲಾಟುಗಳು ಹಳೆಯದನ್ನೇ ಹಿಡಿದುಕೊಂಡಿರುತ್ತವೆ. ‘ನೀನು ಮೆಕ್ಕೆಜೋಳವೆ?’ ಎಂದು ಹೊಸ ವರ್ಗದ ಕಡೆಯಿಂದ ಕೇಳಿದರೆ ‘ಅಲ್ಲ’ ಎಂಬುದೇ ಉತ್ತರ!

ಬೆಲ್ಲದ ಉಪಮೆ ಇಲ್ಲಿ ಸೋಲುತ್ತದೆ. ಬೆಲ್ಲ ತನ್ನ ಅಚ್ಚನ್ನು ಮರೆಯುತ್ತದೆ. ವಸ್ತು ಮರೆಯುವುದಿಲ್ಲ, ಪ್ರತಿಯೊಂದು ವಿಧಿಗೂ ತನ್ನ ವರ್ಗವನ್ನೇ ಕೇಳುತ್ತದೆ. ಪರಿಹಾರವೂ ಅಲ್ಲಿಯೇ ಇದ್ದಿತು. ಬೆಳಗಿನ ಲಾಟೊಂದನ್ನು ಹಿಡಿದು, ಅದರ ಮೂಲಕ ಹಳೆಯ ವರ್ಗವನ್ನು ತಲುಪಿ, ಹೊಸ ವಿಧಿಯನ್ನು ಅದಕ್ಕೇ ತೊಡಿಸಿದೆ. ಬೆಳಗಿನ ಲಾಟುಗಳೆಲ್ಲ ಒಮ್ಮೆಗೇ ಸರಿಹೋದುವು.

ಯಜಮಾನರು ಬಾಕಿ ಹಣವನ್ನು ಎರಡು ಸಲ ಎಣಿಸಿಕೊಂಡು ಹೊರಟರು.