ಬಣ್ಣಕ್ಕೆ ಮೊದಲು ತೂಕ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ರೈಲು ಮಾರ್ಗವನ್ನು ಕಂಪ್ಯೂಟರ್ ಆಟಕ್ಕೆ ಇಳಿಸಬೇಕೆನ್ನುವವರು ಮೊದಲು ಕೈಹಾಕುವುದು ಎಂಜಿನ್ನಿನ ಬಣ್ಣಕ್ಕೆ. ಅದು ಕೊನೆಗಿರಲಿ, ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಿ. ಇಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದದ್ದು 1990ರ ದಶಕದಲ್ಲಿ; 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ವಿದ್ಯುತ್ ತಂತಿಯಡಿ ಓಡುತ್ತಿದೆ. ಬರೀ ಡೀಸೆಲ್ ಕಾಲದ ಬ್ಯಾಡಗಿ ನಿಲ್ದಾಣ ಕಟ್ಟುವಾಗ ತಂತಿಯ ಕಂಬ ನೆಟ್ಟರೆ ಎಂಜಿನ್ ಎಷ್ಟು ಚೆಂದವಿದ್ದರೂ ಚಿತ್ರ ಸುಳ್ಳೇ.

ಆಟಕ್ಕೆ ಇಷ್ಟೆಲ್ಲ ಏಕೆ, ನೋಡಲು ಹೋಲಿದರೆ ಸಾಲದೇ ಎನ್ನಬಹುದು. ನಿಲ್ಲಿಸಿ ನೋಡುವುದಕ್ಕೆ ಸಾಕು, ಓಡಿಸುವುದಕ್ಕೆ ಸಾಲದು. ಓಪನ್ ರೈಲ್ಸ್ ಎಂಬ ರೈಲು ಓಡಿಸುವ ಆಟದಲ್ಲಿ ಎಂಜಿನ್ನಿನ ಆಕಾರ ಒಂದು ಕಡತ. ತೂಕ, ಶಕ್ತಿ, ಬ್ರೇಕು ಬೇರೊಂದು. 2600 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಡಬ್ಲ್ಯುಡಿಎಂ-2ರ ಅಂಕಿಗಳನ್ನೇ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4ಕ್ಕೆ ಹಚ್ಚಿದರೆ ಗೂಡ್ಸ್ ಎಳೆಯುವಾಗಲೇ ಬಣ್ಣ ಬಯಲು. ಸದ್ದೂ ಹಾಗೆಯೇ: ಮೊದಲನೆಯದು ನಾಲ್ಕು ಸ್ಟ್ರೋಕಿನದು, ಎರಡನೆಯದು ಎರಡು ಸ್ಟ್ರೋಕಿನದು. ಅಂಕಿ ಹುಡುಕುವುದು ಬೇಸರದ ಕೆಲಸ, ಒಪ್ಪುತ್ತೇನೆ. ಹತ್ತು ಎಂಜಿನ್ ಬೇಡ, ಒಂದನ್ನೇ ಪೂರ್ತಿ ಮಾಡಿ. ಫೋಟೊ, ಸದ್ದು ಬೇಕೆಂದು ಹಳಿಗೆ ಮಾತ್ರ ಇಳಿಯಬೇಡಿ.